ಎಂಜಿನ್ ಟಕ್ ಟಕ್ ಅಂದಾಗ ಮೊದಲು ಕೇಳಬೇಕಾದದ್ದು ‘ಯಾವಾಗ?’

ಬಾನೆಟ್ ಎತ್ತಿದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ‘ಸೌಂಡ್ ಎಲ್ಲಿಂದ ಬರ್ತಿದೆ?’ ಅನ್ನುವುದು. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಅಂತ ಕೇಳಿಕೊಳ್ಳುವುದಕ್ಕೇ ನಾನು ಇವತ್ತು ಬಂದಿದ್ದೇನೆ. ‘ಯಾವಾಗ ಬರ್ತಿದೆ? ಏನು ಮಾಡಿದರೆ ಬದಲಾಗುತ್ತದೆ?’ ಅಂತ ಮೊದಲು ಕೇಳಿ. ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಸುಮ್ನೆ ನಿಂತಾಗಲೋ, ಏರು ಹತ್ತುವಾಗಲೋ? ಆಕ್ಸಿಲರೇಟರ್ ಒತ್ತಿದಾಗಲೋ, ಕಾಲು ತೆಗೆದಾಗಲೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಒಂದು ನಟ್ಟೂ ಬಿಚ್ಚದೆ ಬಹಳಷ್ಟು ಅನುಮಾನಗಳು ಉದುರಿ ಹೋಗುತ್ತವೆ.

ಶಬ್ದ ಎಲ್ಲಿದೆ ಅಂತ ಕಿವಿಯೇ ಹೇಳುವುದಿಲ್ಲವೇ ಅಂತ ನೀವು ಕೇಳಬಹುದು. ಹೇಳುತ್ತದೆ, ಆದರೆ ಸುಲಭವಾಗಿ ಮೋಸ ಹೋಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಲ್ಯುಮಿನಿಯಮ್‌ನಲ್ಲಿ ಸುಮಾರು 6,000 ಮೀಟರ್. ಉದ್ದದ ನೀರಿನ ಪೈಪಿಗೆ ಒಂದು ತುದಿಯಲ್ಲಿ ಬಡಿದರೆ ಇನ್ನೊಂದು ತುದಿಯಲ್ಲೂ ಚೆನ್ನಾಗಿ ಕೇಳುತ್ತದೆ ಅಲ್ವಾ? ಎಂಜಿನ್ ಬ್ಲಾಕ್ ಕೂಡ ಹಾಗೇ. ಕೆಳಗೆ ಕ್ರ್ಯಾಂಕ್ (ಪಿಸ್ಟನ್‌ಗಳ ಮೇಲೆ ಕೆಳಗಿನ ಓಟವನ್ನು ತಿರುಗಾಟವಾಗಿಸುವ ದಂಡ) ಹತ್ತಿರ ಆದ ಪೆಟ್ಟು ಮೇಲಿನ ವಾಲ್ವ್ ಕವರ್‌ನಲ್ಲಿ ಕೇಳಬಹುದು. ತೆಳುವಾದ ತಗಡು ಎಲ್ಲಿದೆಯೋ ಅಲ್ಲಿ ಶಬ್ದ ಇನ್ನೂ ಜೋರಾಗುತ್ತದೆ. ಅದಕ್ಕೇ ಜಾಗ ಹುಡುಕುವ ಕೆಲಸ ಕೊನೆಗೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಒಂದಿದೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಆಗಿರಲಿ. ಆಯಿಲ್ ಕೆಳಗಿನ ಗುರುತಿಗಿಂತಲೂ ಕಡಿಮೆ ಇದ್ದರೆ ಬೇರೆ ಯಾವ ಪರೀಕ್ಷೆಗೂ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸರಿಯಾದ ದರ್ಜೆಯ ಆಯಿಲ್ ತುಂಬಿಸಿದ ಮೇಲೆಯೇ ಮುಂದಿನ ಮಾತು. ಡಿಪ್‌ಸ್ಟಿಕ್ ಮೂಸಿ ಕೂಡ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಆಯಿಲ್ ತೆಳುವಾಗಿದೆ ಎಂದರ್ಥ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ‘ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಲೈಟ್ ಹತ್ತಿಲ್ಲ, ಹಾಗಾಗಿ ಆಯಿಲ್ ಸರಿ ಇದೆ’ ಅಂತ ತುಂಬಾ ಜನ ನಂಬುತ್ತಾರೆ. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ನೋಡುವುದಿಲ್ಲ. ಒತ್ತಡವನ್ನು ಮಾತ್ರ ನೋಡುತ್ತದೆ. ಅದೂ ಒತ್ತಡ 0.3, 0.5 ಬಾರ್ ಆಸುಪಾಸಿಗೆ ಬಿದ್ದ ಮೇಲೆ ಹತ್ತುವ ದೀಪಗಳೇ ಜಾಸ್ತಿ. ಆದರೆ ಓಡುವ ಎಂಜಿನ್‌ಗೆ ಪ್ರತಿ 1,000 ಆರ್‌ಪಿಎಮ್‌ಗೆ (ಅಂದರೆ ನಿಮಿಷಕ್ಕೆ 1,000 ಸುತ್ತಿಗೆ) ಸುಮಾರು 0.7 ಬಾರ್ ಬೇಕು ಅನ್ನುವುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಅಂದರೆ 3,000 ಆರ್‌ಪಿಎಮ್‌ಗೆ 2 ಬಾರ್. ಬರೀ 1 ಬಾರ್ ಇದ್ದರೂ ದೀಪ ಹತ್ತುವುದಿಲ್ಲ, ಬೇರಿಂಗ್ ಮಾತ್ರ ಸವೆಯುತ್ತಿರುತ್ತದೆ. ಅನುಮಾನ ಬಂದರೆ ಒತ್ತಡದ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒಂದು ಗೇಜ್ ಹಾಕಿ ಅಳೆಯಬೇಕು. ಇನ್ನು ಶಬ್ದದ ಜೊತೆಗೆ ಆ ದೀಪವೂ ಹತ್ತಿತು ಅಂತಿಟ್ಟುಕೊಳ್ಳಿ. ಆಗ ಯೋಚನೆ ಬೇಡ. ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಎಳೆಸಿಕೊಂಡು ಹೋಗಿ.

ಈಗ ತಾಳಕ್ಕೆ ಬರೋಣ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಶಬ್ದ ಹುಡುಕುವವರಿಗೆ ಇದಕ್ಕಿಂತ ಉಪಯೋಗದ ವಿಷಯ ಇನ್ನೊಂದಿಲ್ಲ. ಐಡ್ಲಿಂಗ್ 800 ಆರ್‌ಪಿಎಮ್ ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 13 ಸುತ್ತು, ಕ್ಯಾಮ್ ಆರು ಏಳು ಸುತ್ತು. ವಾಲ್ವ್, ಅದನ್ನು ಒತ್ತುವ ಟಪ್ಪೆಟ್, ರಾಕರ್ ಇವುಗಳ ಶಬ್ದ ಕ್ಯಾಮ್ ವೇಗದಲ್ಲಿ ಬರುತ್ತದೆ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆ ಇರುವುದು), ಕ್ರ್ಯಾಂಕ್ ಪುಲ್ಲಿ ಇವುಗಳದ್ದು ಸಾಮಾನ್ಯವಾಗಿ ಕ್ರ್ಯಾಂಕ್ ವೇಗದಲ್ಲಿ. ಒಂದು ಇನ್ನೊಂದರ ಎರಡರಷ್ಟು.

ಸೆಕೆಂಡಿಗೆ 13 ಪೆಟ್ಟನ್ನು ಕಿವಿಯಿಂದ ಎಣಿಸಲು ಆಗುವುದಿಲ್ಲ ಅನ್ನುತ್ತೀರಿ. ನಿಜ. ಆದರೆ ಫೋನ್ ಇದೆಯಲ್ಲ. ಎಂಜಿನ್ ಹತ್ತಿರ ಹಿಡಿದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಅದೇ ಹೊತ್ತಿಗೆ ಆರ್‌ಪಿಎಮ್ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನು ನಿಧಾನ ಮಾಡಿ ಕೇಳಿ, ಅಥವಾ ಧ್ವನಿಯ ಅಲೆ ತೋರಿಸುವ ಆ್ಯಪ್‌ನಲ್ಲಿ ತೆರೆದು ಒಂದು ಸೆಕೆಂಡಿನಲ್ಲಿ ಎಷ್ಟು ಮೊನೆ ಎದ್ದಿವೆ ಅಂತ ಎಣಿಸಿ. ಆರೇಳು ಬಂದರೆ ಮೇಲೆ ಹುಡುಕಿ. 13 ಬಂದರೆ ಕೆಳಗೆ. ಪಿಸ್ಟನ್ನಿನ ಕೆಲವು ಶಬ್ದಗಳು ಎರಡು ಸುತ್ತಿಗೆ ಒಂದೇ ಸಲ ಬರುತ್ತವೆ, ಅದು ನೆನಪಿರಲಿ. ಹಾಗಾಗಿ ಈ ಎಣಿಕೆಯೊಂದರಿಂದಲೇ ತೀರ್ಪು ಕೊಡಬೇಡಿ. ಆದರೆ ಟಪ್ಪೆಟ್ ಶಬ್ದಕ್ಕೆ ಹೆದರಿ ಎಂಜಿನ್ ಇಳಿಸುವುದನ್ನು ಇಷ್ಟು ಮಾತ್ರದ ಎಣಿಕೆ ತಪ್ಪಿಸಬಲ್ಲದು.

ಮುಂದಿನದು ತಣ್ಣಗೆ, ಬಿಸಿ. ಇದನ್ನು ನೋಡಲು ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ಬೆಳಿಗ್ಗೆ ಬಾನೆಟ್ ತೆಗೆದಿಟ್ಟುಕೊಂಡು, ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ ನೀವು ಹತ್ತಿರ ನಿಲ್ಲಿ. ಮೊದಲ ಎರಡು ಮೂರು ಸೆಕೆಂಡ್ ಗರಗರ ಅಂದು ನಿಂತರೆ, ಕ್ರ್ಯಾಂಕ್‌ನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಕಡೆ ನೋಡಿ. ಆ ಚೈನನ್ನು ಬಿಗಿ ಹಿಡಿಯುವ ಟೆನ್ಶನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಒತ್ತಡ ಏರುವ ತನಕ ಚೈನ್ ಸಡಿಲ. ಟಿಕ್ ಟಿಕ್ ಅಂತ ಸ್ವಲ್ಪ ಜಾಸ್ತಿ ಹೊತ್ತು ಕೇಳಿ ಆಮೇಲೆ ಮಾಯವಾದರೆ ಹೈಡ್ರಾಲಿಕ್ ಟಪ್ಪೆಟ್‌ಗಳಿಗೆ ಆಯಿಲ್ ತುಂಬಿಕೊಳ್ಳಲು ತಡವಾಗುತ್ತಿದೆ. ಇದಕ್ಕೆ ಕೆಲವೊಮ್ಮೆ ಕಾರಣ ತೀರಾ ಸಣ್ಣದು. ತುಂಬಾ ಆಯಿಲ್ ಫಿಲ್ಟರ್‌ಗಳ ಒಳಗೆ, ಎಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರ್‌ನಲ್ಲಿ ಅದು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಫಿಲ್ಟರ್ ಬದಲಿಸಿದ ಮೇಲೇ ಈ ಶಬ್ದ ಶುರುವಾಯಿತಾ ಅಂತ ಕೇಳಿ ನೋಡಿ.

ಕೆಲವು ನಿಮಿಷ ಟಕ್ ಟಕ್ ಅಂದು, ಎಂಜಿನ್ ಬಿಸಿಯಾಗುತ್ತಾ ಬಂದಂತೆ ಕರಗಿ ಹೋಗುವ ಶಬ್ದ ಇದೆಯಲ್ಲ, ಅದರಲ್ಲಿ ಒಂದು ಬಲೆ ಇದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ದೋಷಗಳು ಇಲ್ಲಿ ಒಂದೇ ಥರ ನಡೆದುಕೊಳ್ಳುತ್ತವೆ.

ಮೊದಲನೆಯದು ಪಿಸ್ಟನ್ ಸ್ಲ್ಯಾಪ್. ಪಿಸ್ಟನ್ ಅಲ್ಯುಮಿನಿಯಮ್‌ದು. ಅದು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ಅಗಲದ ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.18 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಅಗಲದ ಕಬ್ಬಿಣದ ಸಿಲಿಂಡರ್ ಅಷ್ಟೇ ಬಿಸಿಗೆ ಸುಮಾರು 0.09. ಹಾಗಾಗಿ ತಣ್ಣಗಿದ್ದಾಗ ಸಂದು ಜಾಸ್ತಿ. ಸವೆದ ಪಿಸ್ಟನ್ ಆ ಸಂದಿನಲ್ಲಿ ಓಲಾಡಿ ಗೋಡೆಗೆ ಬಡಿಯುತ್ತದೆ. ಬಿಸಿಯಾದರೆ ಸಂದು ಮುಚ್ಚುತ್ತದೆ, ಶಬ್ದ ನಿಲ್ಲುತ್ತದೆ. ಎರಡನೆಯದು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಂದ ಹೊಗೆ ಹೊರಗೊಯ್ಯುವ ಪೈಪುಗಳ ಜೋಡಣೆ) ಲೀಕ್. ಪ್ಯಾಕಿಂಗ್ ಹೋಗಿರುತ್ತದೆ, ಇಲ್ಲವೇ ಒಂದು ಸ್ಟಡ್ ತುಂಡಾಗಿರುತ್ತದೆ. ಹೊಗೆ ಆ ಬಿರುಕಿನಿಂದ ಚಿಮ್ಮುವಾಗ ಟಕ್ ಟಕ್ ಅಂತಲೇ ಕೇಳುತ್ತದೆ. ಮ್ಯಾನಿಫೋಲ್ಡ್ ಕಾದು ಹಿಗ್ಗಿದಾಗ ಬಿರುಕು ಮುಚ್ಚಿಕೊಂಡು ಶಬ್ದ ನಿಲ್ಲುತ್ತದೆ. ಒಂದರಲ್ಲಿ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ. ಇನ್ನೊಂದರಲ್ಲಿ ಒಂದು ಪ್ಯಾಕಿಂಗ್, ಕೆಲವು ನಟ್ಟು.

ಇವೆರಡನ್ನು ಬೇರೆ ಮಾಡುವುದು ಹೇಗೆ? ಸುಮಾರು ಒಂದು ಮೀಟರ್ ರಬ್ಬರ್ ಹೋಸ್ ತೆಗೆದುಕೊಳ್ಳಿ. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಸೇರುವ ಅಂಚಿನ ಉದ್ದಕ್ಕೂ, ತಾಗಿಸದೆ. ಲೀಕ್ ಇರುವ ಜಾಗ ಬಂದ ಕೂಡಲೇ ಶಬ್ದ ಚುರುಕಾಗಿ ಕೇಳುತ್ತದೆ. ಅಲ್ಲಿ ಕಪ್ಪು ಮಸಿಯ ಗೆರೆ ಇದ್ದರೆ ಇನ್ನೂ ಒಳ್ಳೆಯ ಸಾಕ್ಷಿ. ಪಿಸ್ಟನ್ ಸ್ಲ್ಯಾಪ್ ಆದರೆ ಹೋಸ್ ಎಲ್ಲಿ ಹಿಡಿದರೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಬಿಸಿಯಾದ ಮೇಲೆ ಪೂರ್ತಿ ನಿಲ್ಲುವ, ಆಯಿಲ್ ಸುಡದ ಪಿಸ್ಟನ್ ಸ್ಲ್ಯಾಪ್‌ನೊಂದಿಗೆ ಎಂಜಿನ್‌ಗಳು ವರ್ಷಗಟ್ಟಲೆ ಓಡುತ್ತವೆ ಅಂತಲೂ ಹೇಳಿಬಿಡುತ್ತೇನೆ. ಕೇಳಿದ ಕೂಡಲೇ ಎಂಜಿನ್ ಬಿಚ್ಚಬೇಕಾಗಿಲ್ಲ.

ಇನ್ನು ಭಾರ, ಅಂದರೆ ಎಂಜಿನ್ ಎಷ್ಟು ಶ್ರಮ ಪಡುತ್ತಿದೆ ಅನ್ನುವುದು. ಏರಿನಲ್ಲಿ, ಮೇಲಿನ ಗೇರ್‌ನಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಕಿಣಿಕಿಣಿ, ಕಟಕಟ ಅಂತ ಬಂದು, ಕಾಲು ತೆಗೆದರೆ ನಿಲ್ಲುವ ಶಬ್ದ ಯಾವ ಭಾಗವೂ ಸವೆದು ಬರುವುದಲ್ಲ. ಅದು ಇಂಧನ ಉರಿಯುವ ರೀತಿಯ ದೋಷ. ಸ್ಪಾರ್ಕ್‌ನಿಂದ ಹೊರಟ ಉರಿ ಮೆಲ್ಲಗೆ ಹರಡಿಕೊಂಡು ಬರಬೇಕು. ಅದು ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಗಾಳಿ ಮತ್ತು ಪೆಟ್ರೋಲ್ ಒತ್ತಡಕ್ಕೆ, ಬಿಸಿಗೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ ಸಿಲಿಂಡರ್ ಒಳಗೆ ಒತ್ತಡದ ಅಲೆಗಳು ಅತ್ತಿಂದಿತ್ತ ಬಡಿದಾಡುತ್ತವೆ. ನಮಗೆ ಕೇಳುವುದು ಅದು. ಸುಮಾರು 86 ಮಿಲಿಮೀಟರ್ ಅಗಲದ ಸಿಲಿಂಡರ್‌ನಲ್ಲಿ ಆ ಕಂಪನ ಸೆಕೆಂಡಿಗೆ ಆರರಿಂದ ಏಳು ಸಾವಿರ ಸಲ. ಬ್ಲಾಕ್‌ಗೆ ಬಿಗಿದ ನಾಕ್ ಸೆನ್ಸರ್ ಇಂಥ ಕಂಪನಕ್ಕೇ ಕಾದು ಕುಳಿತಿರುತ್ತದೆ. ಕೇಳಿದ ಕೂಡಲೇ ಎಂಜಿನ್ ಕಂಪ್ಯೂಟರ್ ಸ್ಪಾರ್ಕನ್ನು ಸ್ವಲ್ಪ ತಡ ಮಾಡುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಟ್ಯಾಂಕ್ ಬಹುತೇಕ ಖಾಲಿಯಾದಾಗ ಹೆಚ್ಚು ಆಕ್ಟೇನ್‌ನ, ಅಂದರೆ ಸುಲಭವಾಗಿ ತಾನಾಗಿಯೇ ಹೊತ್ತಿಕೊಳ್ಳದ, ಪೆಟ್ರೋಲ್ ಹಾಕಿಸಿ ಅದೇ ಏರು ಹತ್ತಿ. ಶಬ್ದ ಹೋದರೆ ಅಥವಾ ಚೆನ್ನಾಗಿ ಇಳಿದರೆ ದೋಷ ಉರಿಯಲ್ಲಿದೆ. ಸವೆದ ಬೇರಿಂಗ್‌ಗೆ ಆಕ್ಟೇನ್ ಗೊತ್ತಾಗುವುದಿಲ್ಲ. ಆಮೇಲೆ ಕಾರಣ ಹುಡುಕಿ. ಎಂಜಿನ್ ಜಾಸ್ತಿ ಕಾಯುತ್ತಿದೆಯಾ, ಪಿಸ್ಟನ್ ಮೇಲೆ ಕಾರ್ಬನ್ ಕಟ್ಟಿದೆಯಾ, ತಪ್ಪು ನಂಬರಿನ ಸ್ಪಾರ್ಕ್ ಪ್ಲಗ್ ಹಾಕಿದ್ದಾರಾ, ಸುಟ್ಟ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಮುಚ್ಚಿಕೊಂಡೇ ಇದೆಯಾ.

ಒಂದು ಕಥೆ ಹೇಳುತ್ತೇನೆ, ವಿಷಯ ಬಿಟ್ಟು ಹೋದ ಹಾಗೆ ಕಂಡರೂ ಸರಿ. 1916ರಲ್ಲಿ ಅಮೆರಿಕದಲ್ಲಿ ಸಂಶೋಧಕ ಚಾರ್ಲ್ಸ್ ಕೆಟರಿಂಗ್ ಅವರ ಕೈಕೆಳಗೆ ಎಂಜಿನಿಯರ್ ಥಾಮಸ್ ಮಿಡ್ಗ್ಲಿ ಇದೇ ಶಬ್ದದ ಬೆನ್ನು ಹತ್ತಿದ್ದರು. ಸೀಮೆಎಣ್ಣೆಯಿಂದ ಓಡುವ ಎಂಜಿನ್ ಕಟಕಟ ಅನ್ನುತ್ತಿತ್ತು. ಸೀಮೆಎಣ್ಣೆ ಬೇಗ ಆವಿಯಾಗದೆ ಇರುವುದೇ ಕಾರಣ ಇರಬಹುದು ಅನ್ನುವುದು ಅವರ ಊಹೆ. ಹಿಮದ ನಡುವೆಯೂ ಹೂ ಬಿಡುವ ಒಂದು ಕಾಡು ಗಿಡದ ಎಲೆಯ ಹಿಂಬದಿ ಕೆಂಪಗಿರುತ್ತದೆ. ಕೆಂಪು ಬಣ್ಣ ಶಾಖವನ್ನು ಬೇಗ ಹೀರುತ್ತದೆ, ಹಾಗಾದರೆ ಇಂಧನವನ್ನೂ ಕೆಂಪು ಮಾಡಿದರೆ ಹೇಗೆ ಅಂತ ಅವರಿಗೆ ಹೊಳೆಯಿತು. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಕೈಗೆ ಸಿಗಲಿಲ್ಲ. ಅಯೋಡಿನ್ ಸಿಕ್ಕಿತು. ಹಾಕಿದರು. ಶಬ್ದ ನಿಂತಿತು!

ಬೇರೆ ಯಾರಾದರೂ ಆಗಿದ್ದರೆ ‘ಬಣ್ಣದ ಮದ್ದು ಸಿಕ್ಕಿತು’ ಅಂತ ಅಲ್ಲಿಗೇ ಮುಗಿಸುತ್ತಿದ್ದರು. ಮಿಡ್ಗ್ಲಿ ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ತರಿಸಿ ಹಾಕಿ ನೋಡಿದರು. ಏನೂ ಆಗಲಿಲ್ಲ. ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತ ಹಾಕಿದರು. ಶಬ್ದ ನಿಂತಿತು. ಬಣ್ಣಕ್ಕೂ ಶಬ್ದಕ್ಕೂ ಸಂಬಂಧವಿಲ್ಲ, ಅಯೋಡಿನ್ನಿನ ರಸಾಯನವೇ ಕೆಲಸ ಮಾಡಿದ್ದು ಅಂತ ಆಗ ಗೊತ್ತಾಯಿತು. ಗ್ಯಾರೇಜಿನಲ್ಲಿ ಇವತ್ತಿಗೂ ಬೇಕಾದದ್ದು ಇದೇ ಕ್ರಮ. ಒಂದೊಂದನ್ನೇ ಬದಲಿಸಿ, ಶಬ್ದ ಏನಾಯಿತು ಅಂತ ನೋಡುವುದು. ಆಯಿಲ್, ಪ್ಲಗ್, ಪೆಟ್ರೋಲ್ ಮೂರನ್ನೂ ಒಂದೇ ದಿನ ಬದಲಿಸಿದರೆ ಶಬ್ದ ಹೋದರೂ ಯಾಕೆ ಹೋಯಿತು ಅಂತ ತಿಳಿಯುವುದಿಲ್ಲ.

ಆ ದಾರಿ ಮುಂದೆ ಕೆಟ್ಟ ಕಡೆ ತಿರುಗಿತು. 1921ರ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್‌ನ ಪ್ರಯೋಗಾಲಯದಲ್ಲಿ ಅವರು ಪೆಟ್ರೋಲ್‌ಗೆ ಬೆರೆಸಲು ಟೆಟ್ರಾಈಥೈಲ್ ಲೆಡ್ ಅನ್ನುವ ಸೀಸದ ಸಂಯುಕ್ತವನ್ನು ಕಂಡುಕೊಂಡರು. ಎಂಜಿನ್ ಶಬ್ದ ನಿಂತಿತು, ಸೀಸದ ವಿಷ ಜಗತ್ತಿನ ಗಾಳಿಗೆ ಸೇರಿತು. ಕಾರುಗಳ ಪೆಟ್ರೋಲ್‌ನಿಂದ ಸೀಸ ಜಗತ್ತಿನಾದ್ಯಂತ ಪೂರ್ತಿ ಹೋದದ್ದು 2021ರಲ್ಲಿ. ನಡುವೆ ಒಂದು ನೂರು ವರ್ಷ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸರಿ, ಎಂಜಿನ್‌ಗೆ ಬರೋಣ. ಟರ್ಬೊ ಇರುವ, ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಹೊಸ ಎಂಜಿನ್‌ಗಳಲ್ಲಿ ಇನ್ನೊಂದಿದೆ. ಕಡಿಮೆ ವೇಗದಲ್ಲಿ, ತುಂಬಾ ಭಾರದಲ್ಲಿ, ಸ್ಪಾರ್ಕ್ ಬರುವ ಮೊದಲೇ ಇಂಧನ ಹೊತ್ತಿಕೊಂಡು ಒಂದೆರಡು ಭಾರಿ ಪೆಟ್ಟು ಕೇಳುತ್ತದೆ. ಪಿಸ್ಟನ್ ಒಡೆಯುವಷ್ಟು ಜೋರು. ಇದರಲ್ಲಿ ಆಯಿಲ್‌ನ ಪಾತ್ರವೂ ಇದೆ ಅಂತ ಗೊತ್ತಾದ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಸಂಸ್ಥೆ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಅನ್ನುವ ದರ್ಜೆಗಳನ್ನು ತಂದಿತು. ಇಂಥ ಎಂಜಿನ್ ಇದ್ದರೆ ಆಯಿಲ್ ಡಬ್ಬದ ಮೇಲೆ ಆ ಗುರುತು ಇದೆಯಾ ನೋಡಿ. ಕಡಿಮೆ ವೇಗದಲ್ಲಿ ಮೇಲಿನ ಗೇರ್ ಹಾಕಿ ಎಂಜಿನ್ ಒದ್ದಾಡುವಂತೆ ಓಡಿಸಬೇಡಿ. ಇದೇ ಎಂಜಿನ್‌ಗಳಲ್ಲಿ ನಿಂತಾಗ ಇಂಜೆಕ್ಟರ್‌ಗಳ ಟಿಕ್ ಟಿಕ್ ಸಹಜ. ಅದಕ್ಕೆ ಹೆದರಬೇಡಿ.

ಈಗ ಎಲ್ಲರೂ ಹೆದರುವ ಶಬ್ದ. ಕನೆಕ್ಟಿಂಗ್ ರಾಡ್‌ನ ಬಿಗ್ ಎಂಡ್ ಬೇರಿಂಗ್ ಹೋದರೆ ಬರುವುದು. ಆಳವಾದ ದಡ್ ದಡ್. ಆರ್‌ಪಿಎಮ್ ಜೊತೆಗೇ ಏರುತ್ತದೆ. ಬಿಸಿಯಾದರೆ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ, ಯಾಕೆಂದರೆ ಬಿಸಿ ಆಯಿಲ್ ತೆಳು. ಈ ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಇರಬೇಕಾದ ಸಂದು ಎಷ್ಟು ಗೊತ್ತಾ? ಹೆಚ್ಚಿನ ಕಾರುಗಳಲ್ಲಿ 0.025ರಿಂದ 0.05 ಮಿಲಿಮೀಟರ್. ನಿಮ್ಮ ತಲೆಕೂದಲಿಗಿಂತ ಕಿರಿದು. ಆ ಸಂದಿನಲ್ಲಿ ಆಯಿಲ್ ಪದರ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುತ್ತದೆ. ಸಂದು ಹಿಗ್ಗಿದರೆ ಆಯಿಲ್ ನಿಲ್ಲುವುದಿಲ್ಲ.

ಇದನ್ನು ಗುರುತಿಸಲು ನನಗೆ ಅತಿ ಹೆಚ್ಚು ನಂಬಿಕೆ ಇರುವ ಗುರುತು ಒಂದಿದೆ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿಟ್ಟು 2,500 ಆರ್‌ಪಿಎಮ್ ಆಸುಪಾಸಿಗೆ ಏರಿಸಿ, ಮೆಲ್ಲಗೆ ಕಾಲು ಸಡಿಲಿಸಿ. ಆ ಇಳಿಯುವ ಗಳಿಗೆಯಲ್ಲಿ ಕಟಕಟಕಟ ಅಂತ ಒಂದು ಸಾಲು ಪೆಟ್ಟು ಕೇಳಿದರೆ ಬಿಗ್ ಎಂಡ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಯಾಕೆ ಆಗ? ಭಾರ ಇರುವಾಗ ಉರಿಯ ಒತ್ತಡ ರಾಡನ್ನು ಕ್ರ್ಯಾಂಕ್‌ನ ಒಂದೇ ಕಡೆಗೆ ಅದುಮಿರುತ್ತದೆ. ಭಾರ ತೆಗೆದಾಗ ತಳ್ಳುವ ಬಲ, ಎಳೆಯುವ ಬಲ ಎರಡೂ ಸರಿಸುಮಾರು ಸಮ. ರಾಡ್ ಆ ಕಡೆ ಈ ಕಡೆ ಜಿಗಿಯಲು ಶುರು ಮಾಡುತ್ತದೆ. ಒಂದೆರಡು ಸಲ ನೋಡಿದರೆ ಸಾಕು. ಪದೇ ಪದೇ ಏರಿಸಿ ಇಳಿಸಬೇಡಿ.

ಯಾವ ಸಿಲಿಂಡರ್ ಅಂತ ತಿಳಿಯಲು ಒಂದೊಂದರ ಉರಿ ನಿಲ್ಲಿಸಿ ನೋಡುತ್ತಾರೆ. ಒಂದು ಸಿಲಿಂಡರ್ ನಿಲ್ಲಿಸಿದಾಗ ಶಬ್ದ ಇಳಿದರೆ ಪೆಟ್ಟು ಅಲ್ಲಿದೆ. ಪಿಸ್ಟನ್ ಸ್ಲ್ಯಾಪ್ ಕೂಡ ಹೀಗೇ ಇಳಿಯುತ್ತದೆ, ಆದರೆ ಅದು ತಣ್ಣಗಿದ್ದಾಗಿನದು ಅಂತ ನಮಗೆ ಆಗಲೇ ಗೊತ್ತು. ಎಲ್ಲ ಸಿಲಿಂಡರ್ ಸರದಿಯಲ್ಲಿ ನಿಲ್ಲಿಸಿದರೂ ಶಬ್ದ ಕದಲದಿದ್ದರೆ ಪೆಟ್ಟು ಉರಿಯ ಬಲದಿಂದ ಬರುತ್ತಿಲ್ಲ. ವಾಲ್ವ್ ಕಡೆ, ಪುಲ್ಲಿ ಕಡೆ ನೋಡಿ. ಇದನ್ನು ಮಾಡುವಾಗ ಓಡುತ್ತಿರುವ ಎಂಜಿನ್‌ನ ಸ್ಪಾರ್ಕ್ ಪ್ಲಗ್ ವೈರ್ ಕೈಯಲ್ಲಿ ಎಳೆಯುವುದು ಬೇಡವೇ ಬೇಡ. ಅಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಎಂಜಿನ್ ಆಫ್ ಮಾಡಿ ಇಂಜೆಕ್ಟರ್‌ನ ಕನೆಕ್ಟರ್ ಬಿಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ. ಸ್ಕ್ಯಾನರ್‌ನಿಂದಲೇ ನಿಲ್ಲಿಸಲು ಆಗುವ ಗಾಡಿಗಳೂ ಇವೆ. ಸ್ಪಾರ್ಕ್ ಮಾತ್ರ ನಿಲ್ಲಿಸಿದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಆ ಕನ್ವರ್ಟರ್ ಸುಟ್ಟು ಹಾಳಾಗಬಹುದು. ಇಂಜೆಕ್ಟರ್ ನಿಲ್ಲಿಸಿದರೆ ಆ ಭಯವಿಲ್ಲ.

ಎಂಜಿನ್ ಇಳಿಸುವ ಮೊದಲು ಇನ್ನೊಂದು ಸಾಕ್ಷಿ ನೋಡಿ. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ ಬೆಳಕಿಗೆ ಹಿಡಿಯಿರಿ. ಹೊಳೆಯುವ ಪುಡಿ ಇದ್ದರೆ ಮೇಲೆ ಅಯಸ್ಕಾಂತ ಆಡಿಸಿ. ಅಂಟಿದರೆ ಉಕ್ಕು ಅಥವಾ ಕಬ್ಬಿಣ, ಅಂದರೆ ಚೈನ್, ಕ್ಯಾಮ್ ಇತ್ಯಾದಿ. ಅಂಟದೆ ಬೆಳ್ಳಗೆ ಅಥವಾ ತಾಮ್ರದ ಬಣ್ಣದಲ್ಲಿ ಹೊಳೆದರೆ ಬೇರಿಂಗ್ ಪದರ ಎದ್ದು ಬಂದಿರುವ ಸಾಧ್ಯತೆ ಜಾಸ್ತಿ. ಶಬ್ದವೂ ಹಾಗೇ, ಪುಡಿಯೂ ಹೀಗೇ ಅಂದರೆ ಗಾಡಿ ಓಡಿಸಬೇಡಿ. ರಾಡ್ ಮುರಿದು ಬ್ಲಾಕ್ ತೂತು ಮಾಡಿಕೊಂಡು ಹೊರಗೆ ಬರಬಹುದು.

ಫಿಲ್ಟರ್ ಶುಭ್ರವಾಗಿದ್ದು, ಆಯಿಲ್ ಒತ್ತಡ ಸರಿ ಇದ್ದು, ಶಬ್ದ ಮಾತ್ರ ಬಿಗ್ ಎಂಡ್ ಥರವೇ ಇದ್ದರೆ? ಆಗ ವೇಷ ಹಾಕಿದವರನ್ನು ಹುಡುಕಿ. ಆಟೊಮ್ಯಾಟಿಕ್ ಗಾಡಿಗಳಲ್ಲಿ ಎಂಜಿನ್ ಹಿಂದೆ ಫ್ಲೆಕ್ಸ್ ಪ್ಲೇಟ್ ಎನ್ನುವ ತೆಳು ಉಕ್ಕಿನ ತಟ್ಟೆ ಇರುತ್ತದೆ. ಅದು ಬಿರುಕು ಬಿಟ್ಟರೆ, ಇಲ್ಲವೇ ಗೇರ್‌ಬಾಕ್ಸ್‌ಗೆ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಬೋಲ್ಟ್ ಸಡಿಲವಾದರೆ, ಅನುಭವ ಇರುವ ಕಿವಿಗೂ ರಾಡ್ ಶಬ್ದದಂತೆಯೇ ಕೇಳುತ್ತದೆ. ಬ್ರೇಕ್ ಒತ್ತಿ ಹಿಡಿದು ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದಾಗ ಶಬ್ದ ಬದಲಾದರೆ ಅದನ್ನು ನೋಡದೆ ಎಂಜಿನ್ ಇಳಿಸಬೇಡಿ. ಮ್ಯಾನುವಲ್ ಗಾಡಿಯಲ್ಲಿ ಕ್ಲಚ್ ಒತ್ತಿದಾಗ ಬದಲಾದರೆ ಕ್ಲಚ್, ಫ್ಲೈವೀಲ್, ಗೇರ್‌ಬಾಕ್ಸ್ ಕಡೆ ನೋಡಿ. ಕ್ರ್ಯಾಂಕ್ ಪುಲ್ಲಿಯ ನಡುವಿನ ರಬ್ಬರ್ ಬಿಟ್ಟುಕೊಂಡರೂ ಟಕ್ ಟಕ್ ಬರುತ್ತದೆ. ಹೊರಗಿನ ಫ್ಯಾನ್ ಬೆಲ್ಟ್ ಬಿಚ್ಚಿ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಓಡಿಸಿ ನೋಡಿ. ಶಬ್ದ ಹೋದರೆ ಆಲ್ಟರ್ನೇಟರ್, ಟೆನ್ಶನರ್, ಎಸಿ ಕಂಪ್ರೆಸರ್ ಇವುಗಳಲ್ಲಿ ಒಂದು. ಟೈಮಿಂಗ್ ಬೆಲ್ಟ್ ಅಲ್ಲ, ಅದನ್ನು ಮುಟ್ಟಬೇಡಿ. ಗಾಡಿ ಹೊರಡುವಾಗ, ಗೇರ್ ಹಾಕುವಾಗ ಮಾತ್ರ ಒಂದೇ ಒಂದು ದಡ್ ಅಂದರೆ, ಎಂಜಿನ್ ಕೂರಿಸಿರುವ ರಬ್ಬರ್ ಆಧಾರ, ಅಂದರೆ ಎಂಜಿನ್ ಮೌಂಟ್, ನೋಡಿ.

ಡೀಸೆಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಬಡಿದುಕೊಳ್ಳುವುದು ಅದರ ಗುಣವೇ. ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳಲು ತಡವಾದಷ್ಟೂ ಒಟ್ಟಿಗೆ ಉರಿಯುವುದು ಜಾಸ್ತಿ, ಪೆಟ್ಟೂ ಜೋರು. ಬಿಸಿಯಾದ ಮೇಲೂ ಒಂದೇ ಸಿಲಿಂಡರ್ ಬೇರೆ ಥರ ಬಡಿದರೆ ಮೊದಲು ಇಂಜೆಕ್ಟರ್ ಪರೀಕ್ಷಿಸಿ. ಇಂಜೆಕ್ಟರ್‌ಗಳಿಂದ ವಾಪಸ್ ಬರುವ ಡೀಸೆಲ್ ಅಳೆದರೆ ಕೆಟ್ಟದ್ದು ಯಾವುದು ಅಂತ ಹೆಚ್ಚಿನ ಸಲ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಜಾಗ ಹುಡುಕಿ. ಮೆಕ್ಯಾನಿಕ್ ಸ್ಟೆಥಾಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಆನಿಸಿ, ತುದಿಯನ್ನು ಬ್ಲಾಕ್‌ಗೆ ಒತ್ತಿ. ಬೆಲ್ಟ್, ಫ್ಯಾನ್ ಹತ್ತಿರ ಹೋಗಬೇಡಿ. ಸಡಿಲ ತೋಳು, ಇಳಿಬಿಟ್ಟ ಕೂದಲು, ಕೊರಳ ಸರ ಯಾವುದೂ ಬೇಡ. ಆಯಿಲ್ ಪ್ಯಾನ್, ಬ್ಲಾಕ್ ಬದಿ, ವಾಲ್ವ್ ಕವರ್, ಚೈನ್ ಕವರ್ ಹೀಗೆ ಒಂದೊಂದು ಕಡೆ ಕೇಳಿ ಹೋಲಿಸಿ.

ಕೊನೆಗೆ, ನೀವು ಕೇಳಿಯೇ ಕೇಳುವ ಪ್ರಶ್ನೆ. ‘ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತದಂತೆ?’ ಬೇರಿಂಗ್ ಶಬ್ದ ಕೆಲವು ದಿನ ಇಳಿಯಬಹುದು. ಬೇರಿಂಗ್ ಮಾತ್ರ ಸವೆಯುತ್ತಲೇ ಇರುತ್ತದೆ, ಮತ್ತು ನಿಮಗೆ ಎಚ್ಚರ ಹೇಳುತ್ತಿದ್ದ ಶಬ್ದ ಕೇಳದಂತಾಗುತ್ತದೆ. ಎಂಜಿನ್ ಬಿಚ್ಚಿ ಹೊಸ ಬೇರಿಂಗ್ ಹಾಕುವ ಹಂತ ಬಂದರೆ ಮೆಕ್ಯಾನಿಕ್ ಹತ್ತಿರ ಎರಡು ಮಾತು ಕೇಳಿ. ಹಳೆಯದು ಯಾಕೆ ಹೋಯಿತು? ಆಯಿಲ್ ಪಂಪ್, ಆಯಿಲ್ ಹೀರುವ ಜಾಲರಿ, ಕ್ರ್ಯಾಂಕ್‌ನ ಅಳತೆ ನೋಡಿದಿರಾ? ಇನ್ನೊಂದು, ಆಯಿಲ್ ಓಡುವ ದಾರಿಗಳನ್ನು ತೊಳೆದಿರಾ, ಆಯಿಲ್ ಕೂಲರ್ ಬದಲಿಸಿದಿರಾ? ಹಳೆಯ ಬೇರಿಂಗ್‌ನ ಪುಡಿ ಆ ಕೂಲರ್ ಒಳಗೆ ಕುಳಿತಿರುತ್ತದೆ. ತೊಳೆದರೂ ಪೂರ್ತಿ ಹೋಗುವುದು ಕಷ್ಟ. ಎಂಜಿನ್ ಮತ್ತೆ ಓಡಿದಾಗ ಅದು ಹೊರಟು ನೇರ ಹೊಸ ಬೇರಿಂಗ್‌ಗೇ ಬರಬಹುದು.